ಹಾಸಿಗೆ ಅಂಗೈಯಗಲ, ಆಟ ಹತ್ತು ಸಾವಿರ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಮನೆಯ ಖರ್ಚುವೆಚ್ಚಕ್ಕೆ ಹೇಳಿದ ಈ ಗಾದೆ ಕಂಪ್ಯೂಟರ್ ಲೋಕಕ್ಕೂ ಚೆನ್ನಾಗಿಯೇ ಹೊಂದುತ್ತದೆ. ಹಳೆಯ ವಿಡಿಯೋ ಆಟಗಳನ್ನು ಕೂಡಿಹಾಕುವ ಹವ್ಯಾಸಿಗಳಿಗಂತೂ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್. ಅದರ ಅಂಚಿನಲ್ಲಿ ಉಗುರಿನಷ್ಟೇ ದೊಡ್ಡ ಒಂದು ಎಸ್.ಡಿ. ಕಾರ್ಡ್. ಆ ಕಾರ್ಡಿನಲ್ಲಿ 1970, 80 ಹಾಗೂ 90ರ ದಶಕಗಳ ಹತ್ತು ಸಾವಿರ ಆಟಗಳು. ಟಿ.ವಿ.ಗೆ ಜೋಡಿಸಿ ಸ್ವಿಚ್ ಒತ್ತಿ ಯಾವುದಾದರೊಂದು ಆಟವನ್ನು ಆರಿಸಿಕೊಂಡರೆ ಅದು ಸಲೀಸಾಗಿ ಓಡುತ್ತದೆ. ಕಷ್ಟವಿರುವುದು ಅದಕ್ಕಿಂತ ಒಂದು ಹೆಜ್ಜೆ ಮೊದಲು. ಆಟಗಳ ಪಟ್ಟಿ ತೆರೆದುಕೊಳ್ಳಲು ನಿಮಿಷಗಟ್ಟಲೆ ಕಾಯಬೇಕು. ಪಟ್ಟಿಯಲ್ಲಿ ಕೆಳಗಿಳಿಯುತ್ತಾ ಹೋದರೆ ಯಂತ್ರ ತೊದಲತೊಡಗುತ್ತದೆ. ಕೆಲವೊಮ್ಮೆ ಚಿತ್ರಗಳೆಲ್ಲ ಮಾಯವಾಗಿ ಪರದೆ ಬೆಳ್ಳಗಾಗಿ ನಿಂತುಬಿಡುತ್ತದೆ. ಆಟವನ್ನೇ ಆಡಿಸುವ ಶಕ್ತಿಯುಳ್ಳ ಯಂತ್ರಕ್ಕೆ ಆಟದ ಹೆಸರು ತೋರಿಸುವ ಶಕ್ತಿ ಇಲ್ಲವೇ?

ಈ ವಿಚಿತ್ರಕ್ಕೆ ಉತ್ತರ ಹುಡುಕಲು ಹೊರಟರೆ ವಿಡಿಯೋ ಆಟಗಳ ಅರ್ಧ ಶತಮಾನದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಅದರ ಜೊತೆಗೆ, ಒಂದು ಕಾಲದ ಸೃಷ್ಟಿಯನ್ನು ಇನ್ನೊಂದು ಕಾಲಕ್ಕೆ ಉಳಿಸಿಕೊಡುವುದೆಂದರೆ ಏನು ಎಂಬ ಪ್ರಶ್ನೆಯೂ ಎದುರಾಗುತ್ತದೆ.

128 ಬೈಟ್‌ಗಳ ಕಾಲ

ಅಮೆರಿಕದ ಅಟಾರಿ ಕಂಪನಿ 1977ರಲ್ಲಿ ಮನೆಬಳಕೆಯ ಒಂದು ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮುಂದೆ ‘ಅಟಾರಿ 2600’ ಎಂದು ಪ್ರಸಿದ್ಧವಾದ ಈ ಯಂತ್ರದ ಕೆಲಸದ ಮೆಮೊರಿ ಎಷ್ಟು ಗೊತ್ತೇ? ಕೇವಲ 128 ಬೈಟ್. ಇಂದು ಕನ್ನಡ ಬರೆಯಲು ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಅಕ್ಷರ, ಸ್ವರಚಿಹ್ನೆ ಒಂದೊಂದಕ್ಕೂ 3 ಬೈಟ್ ಬೇಕು. ಆ ಲೆಕ್ಕದಲ್ಲಿ 128 ಬೈಟ್‌ಗಳಲ್ಲಿ ಹಿಡಿಸುವುದು 42 ಚಿಹ್ನೆ ಮಾತ್ರ. ಈ ಲೇಖನದ ಒಂದು ಸಾಮಾನ್ಯ ವಾಕ್ಯವೂ ಅದರಲ್ಲಿ ಪೂರ್ತಿಯಾಗಿ ಕೂರಲಾರದು!

ಇಷ್ಟು ಇಕ್ಕಟ್ಟಿನಲ್ಲಿ ಒಂದು ಪೂರ್ಣ ಚಿತ್ರವನ್ನು ನೆನಪಿಟ್ಟುಕೊಳ್ಳುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಟಿ.ವಿ. ಪರದೆಯ ಮೇಲೆ ಗೆರೆಯ ಕೆಳಗೆ ಗೆರೆ ಮೂಡುತ್ತಿರುವಾಗಲೇ ಯಂತ್ರ ಆಯಾ ಗೆರೆಯಲ್ಲಿ ಏನಿರಬೇಕೆಂದು ಆ ಕ್ಷಣಕ್ಕೆ ಹೇಳುತ್ತಾ ಹೋಗಬೇಕಿತ್ತು. ಆಟದ ಪ್ರೋಗ್ರಾಂಗೆ ಕಾರ್ಟ್ರಿಜ್‌ನಲ್ಲಿ ಯಂತ್ರ ನೇರವಾಗಿ ಓದಬಲ್ಲ ಜಾಗ 4 ಕಿಲೋಬೈಟ್ ಮಾತ್ರ. ಪ್ರೋಗ್ರಾಂ ಬರೆಯುವವರು ಒಂದೊಂದು ಬೈಟನ್ನೂ ಜಿಪುಣರಂತೆ ಎಣಿಸಿ ಖರ್ಚು ಮಾಡುತ್ತಿದ್ದರು.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ‘ಫ್ಯಾಮಿಕಾಂ’ ಯಂತ್ರದಲ್ಲಿ ಕೆಲಸದ ಮೆಮೊರಿ 2 ಕಿಲೋಬೈಟ್‌ಗೆ ಏರಿತು. ಅದರ ಮೇಲೆ 1985ರಲ್ಲಿ ಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಒಟ್ಟು ಗಾತ್ರ 40 ಕಿಲೋಬೈಟ್. ಮೀಸೆ ಹೊತ್ತ ಕೊಳಾಯಿ ರಿಪೇರಿಯವನು ಓಡಿ, ಜಿಗಿದು, ರಾಜಕುಮಾರಿಯನ್ನು ಬಿಡಿಸಿಕೊಳ್ಳುವ 32 ಹಂತಗಳ ಕಥೆಯೆಲ್ಲ ಅಷ್ಟರಲ್ಲೇ ಅಡಗಿದೆ. ಆಟದಲ್ಲಿ ಕಾಣುವ ಬಿಳಿ ಮೋಡ ಮತ್ತು ನೆಲದ ಹಸಿರು ಪೊದೆ ಎರಡೂ ಒಂದೇ ಆಕಾರ. ಬಣ್ಣ ಮಾತ್ರ ಬೇರೆ. ಎರಡು ಚಿತ್ರ ಇಡುವ ಜಾಗವನ್ನು ಉಳಿಸಲು ಮಾಡಿದ ಉಪಾಯವಿದು.

ಆಟಗಳು ದೊಡ್ಡವಾದಂತೆ ಇನ್ನೊಂದು ಉಪಾಯ ಬಂತು. ಕಾರ್ಟ್ರಿಜ್‌ನ ಒಳಗೆ ಹೆಚ್ಚು ಮಾಹಿತಿ ತುಂಬಿ, ಯಂತ್ರಕ್ಕೆ ಒಮ್ಮೆಗೆ ಒಂದು ಭಾಗವನ್ನಷ್ಟೇ ತೋರಿಸುವುದು. ಬೇಕಾದಾಗ ಅದನ್ನು ಸರಿಸಿ ಮುಂದಿನ ಭಾಗ ತೋರಿಸುವುದು. ದೊಡ್ಡ ಪುಸ್ತಕದ ಒಂದೊಂದೇ ಪುಟ ತೆರೆದು ಓದಿದ ಹಾಗೆ. ಈ ‘ಪುಟ ಮಗುಚುವ’ ಉಪಾಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ದಶಕಗಳ ನಂತರ ಇದೇ ಮತ್ತೆ ಕೆಲಸಕ್ಕೆ ಬರುತ್ತದೆ.

ಕ್ಯಾಸೆಟ್ಟಿನ ಮೇಲಿನ ಲೆಕ್ಕ

ಫ್ಯಾಮಿಕಾಂ ಯಂತ್ರ ಅಧಿಕೃತವಾಗಿ ಭಾರತದ ಮನೆಮನೆಗೆ ಬರಲಿಲ್ಲ. ಆದರೆ 1990ರ ದಶಕದಲ್ಲಿ ಅದರ ಅಗ್ಗದ ನಕಲುಗಳು ಬಂದವು. ಕರ್ನಾಟಕದ ಪಟ್ಟಣಗಳಲ್ಲೂ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇವು ‘ವಿಡಿಯೋ ಗೇಮ್’, ‘ಟಿ.ವಿ. ಗೇಮ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಆಟ ತುಂಬಿದ ಕಾರ್ಟ್ರಿಜ್ ಅನ್ನು ಮಕ್ಕಳು ‘ಕ್ಯಾಸೆಟ್’ ಎಂದೇ ಕರೆದರು. ಬೇಸಿಗೆ ರಜೆಯಲ್ಲಿ ಕ್ಯಾಸೆಟ್ ಅದಲುಬದಲು ಮಾಡಿಕೊಂಡವರು, ಆಟ ಶುರುವಾಗದಿದ್ದರೆ ಅದರ ಬಾಯಿಗೆ ಊದಿ ಮತ್ತೆ ಸಿಕ್ಕಿಸಿದವರು ಇಂದು ನಡುವಯಸ್ಸಿನಲ್ಲಿದ್ದಾರೆ.

ಆ ಕ್ಯಾಸೆಟ್ಟುಗಳ ಮೇಲೆ ‘ಒಂದರಲ್ಲಿ 9999’, ‘ಒಂದರಲ್ಲಿ 9999999’ ಎಂಬಂಥ ಸಂಖ್ಯೆಗಳು ರಾರಾಜಿಸುತ್ತಿದ್ದವು. ಪಟ್ಟಿ ತೆರೆದರೆ ಪುಟದ ಮೇಲೆ ಪುಟ ಹೆಸರುಗಳು. ಆಡಿ ನೋಡಿದರೆ ಗುಟ್ಟು ರಟ್ಟಾಗುತ್ತಿತ್ತು. ನಿಜವಾಗಿ ಇದ್ದದ್ದು ಬೆರಳೆಣಿಕೆಯ ಆಟಗಳು. ಅದೇ ಆಟ ಎರಡನೇ ಹಂತದಿಂದ ಶುರುವಾದರೆ ಒಂದು ಹೆಸರು, ಮೂರನೇ ಹಂತದಿಂದ ಶುರುವಾದರೆ ಮತ್ತೊಂದು ಹೆಸರು.

ಆಗಿನ ಮಕ್ಕಳಿಗೆ ಇದೊಂದು ಮೋಸವಾಗಿ ಕಂಡಿದ್ದರೆ ತಪ್ಪಿಲ್ಲ. ಆದರೆ ಪಟ್ಟಿಯ ಉದ್ದವೇ ಬೇರೆ, ಆಟಗಳ ಸಂಖ್ಯೆಯೇ ಬೇರೆ ಎಂಬ ಪಾಠವನ್ನು ಆ ಕ್ಯಾಸೆಟ್ಟುಗಳು ಅಂದೇ ಹೇಳಿಕೊಟ್ಟಿದ್ದವು. ಇಂದಿನ ಸಂಗ್ರಹಕಾರರು ಅದೇ ಪಾಠವನ್ನು ಬೇರೊಂದು ದಾರಿಯಲ್ಲಿ ಕಲಿಯುತ್ತಿದ್ದಾರೆ.

ಯಂತ್ರ ಹಾಕಿಕೊಂಡ ವೇಷ

ಹಳೆಯ ಯಂತ್ರಗಳು ಕೆಟ್ಟುಹೋಗುತ್ತವೆ. ಬಿಡಿಭಾಗ ಸಿಗುವುದಿಲ್ಲ. ಕೆಲವು ಆಟಗಳಿಗಂತೂ ಸಾವು ಹುಟ್ಟಿನಲ್ಲೇ ಬರೆದಿತ್ತು. ಜಪಾನಿನ ಕ್ಯಾಪ್‌ಕಾಂ ಕಂಪನಿ 1993ರಲ್ಲಿ ಬಳಕೆಗೆ ತಂದ ‘ಸಿಪಿಎಸ್-2’ ಎಂಬ ಆಟದ ಫಲಕ ಇದಕ್ಕೆ ಉದಾಹರಣೆ. ನಾಣ್ಯ ಹಾಕಿ ಆಡುವ ಪೆಟ್ಟಿಗೆಗಳ ಒಳಗೆ ಇರುತ್ತಿದ್ದ ಈ ಫಲಕದಲ್ಲಿ ನಕಲು ತಡೆಯಲೆಂದು ಗುಪ್ತಸಂಕೇತದ ಕೀಲಿ ಇಡಲಾಗಿತ್ತು. ಕೀಲಿಯನ್ನು ಕಾಪಾಡುತ್ತಿದ್ದುದು ಒಂದು ಪುಟ್ಟ ಬ್ಯಾಟರಿ. ಬ್ಯಾಟರಿ ಸತ್ತರೆ ಕೀಲಿ ಅಳಿಸಿಹೋಗುತ್ತಿತ್ತು, ಆಟವೂ ಸಾಯುತ್ತಿತ್ತು. ಹವ್ಯಾಸಿಗಳು ಇದಕ್ಕೆ ‘ಆತ್ಮಹತ್ಯೆ ಬ್ಯಾಟರಿ’ ಎಂದೇ ಹೆಸರಿಟ್ಟರು.

ಇಂಥ ಆಟಗಳನ್ನು ಉಳಿಸಿಕೊಳ್ಳುವ ದಾರಿಯಾಗಿ ಬಂದದ್ದು ‘ಎಮ್ಯುಲೇಟರ್’ ಎಂಬ ತಂತ್ರಾಂಶ. ಬಯಲಾಟದ ಕಲಾವಿದ ಬಣ್ಣ ಹಚ್ಚಿ ಕಿರೀಟ ಕಟ್ಟಿ ರಂಗಕ್ಕೆ ಬಂದರೆ ಅವನು ಆ ಹೊತ್ತಿಗೆ ಭೀಮನೇ. ಹಾಗೆಯೇ ಈ ತಂತ್ರಾಂಶ ಹೊಸ ಕಂಪ್ಯೂಟರಿಗೆ ಹಳೆಯ ಯಂತ್ರದ ವೇಷ ಹಾಕುತ್ತದೆ. ಹಳೆಯ ಯಂತ್ರದ ಪ್ರೊಸೆಸರ್ ಏನು ಮಾಡುತ್ತಿತ್ತೋ ಅದನ್ನು ಆಜ್ಞೆಗೆ ಆಜ್ಞೆಯಂತೆ ನಟಿಸಿ ತೋರಿಸುತ್ತದೆ. ಕಾರ್ಟ್ರಿಜ್‌ನಿಂದ ಕಡತವಾಗಿ ಇಳಿಸಿಕೊಂಡ ಆಟ, ತಾನು ತನ್ನ ಹಳೆಯ ಮನೆಯಲ್ಲೇ ಇದ್ದೇನೆಂದು ನಂಬಿ ಓಡುತ್ತದೆ.

ನಿಂಟೆಂಡೊ ಯಂತ್ರದ ಎಮ್ಯುಲೇಟರ್‌ಗಳು 1990ರ ದಶಕದ ನಡುವಿನಲ್ಲಿ ಕಾಣಿಸಿಕೊಂಡವು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರುವರಿಯಲ್ಲಿ ‘ಮೇಮ್’ ಎಂಬ ಎಮ್ಯುಲೇಟರ್ ಬಿಡುಗಡೆ ಮಾಡಿದರು. ‘ಪ್ಯಾಕ್-ಮ್ಯಾನ್’ ಸೇರಿದಂತೆ ಕೆಲವೇ ಕೆಲವು ಪೆಟ್ಟಿಗೆ ಆಟಗಳಿಂದ ಆರಂಭವಾದ ಇದರ ಪಟ್ಟಿಯಲ್ಲಿ ಇಂದು ಹತ್ತಾರು ಸಾವಿರ ನಮೂದುಗಳಿವೆ. ಹಳೆಯ ಯಂತ್ರಗಳು ಹೇಗೆ ಕೆಲಸ ಮಾಡುತ್ತಿದ್ದವೆಂದು ದಾಖಲಿಸುವುದೇ ಮೇಮ್‌ನ ಮುಖ್ಯ ಉದ್ದೇಶ, ಆಟ ಆಡಲು ಸಿಗುವುದು ಅದರ ಉಪಫಲ ಎಂಬುದು ಅದನ್ನು ಬೆಳೆಸಿದವರ ನಿಲುವು.

ಇದು ಕಾನೂನುಬದ್ಧವೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಸೋನಿ ಕಂಪನಿಯ ‘ಪ್ಲೇಸ್ಟೇಷನ್’ ಯಂತ್ರವನ್ನು ಅನುಕರಿಸುವ ತಂತ್ರಾಂಶ ತಂದ ಕನೆಕ್ಟಿಕ್ಸ್ ಎಂಬ ಕಂಪನಿಯ ಮೇಲೆ ಸೋನಿ ದಾವೆ ಹೂಡಿತು. ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಕನೆಕ್ಟಿಕ್ಸ್ ಪರ ತೀರ್ಪು ನೀಡಿತು. ಯಂತ್ರದ ಕಾರ್ಯವಿಧಾನ ಅರಿಯಲು ಅದರ ತಂತ್ರಾಂಶವನ್ನು ಬಿಚ್ಚಿ ಅಧ್ಯಯನ ಮಾಡಿದ್ದು ನ್ಯಾಯಯುತ ಬಳಕೆ ಎಂದಿತು. ಆದರೆ ವೇಷಕ್ಕೆ ಸಿಕ್ಕಿದ ಈ ರಕ್ಷಣೆ ಆಟದ ನಕಲಿಗೆ ಸಿಗುವುದಿಲ್ಲ. ಆಟದ ಹಕ್ಕು ಅದನ್ನು ಮಾಡಿದವರದ್ದೇ. ಭಾರತದಲ್ಲೂ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಎಂದರೆ ಸಾಹಿತ್ಯ ಕೃತಿಯ ವರ್ಗಕ್ಕೇ ಸೇರುತ್ತದೆ.

ಒಂದೇ ಆಟ, ಹತ್ತು ಹೆಸರು

ಕಾನೂನಿನ ಈ ತೊಡಕಿನ ನಡುವೆಯೇ ಸಂಗ್ರಹಗಳು ಬೆಳೆದವು. ಒಂದೇ ಆಟ ಜಪಾನಿಗೊಂದು, ಅಮೆರಿಕಕ್ಕೊಂದು, ಯೂರೋಪಿಗೊಂದು ರೂಪದಲ್ಲಿ ಬಂದಿರುತ್ತಿತ್ತು. ತಪ್ಪು ತಿದ್ದಿದ ಎರಡನೇ ಮುದ್ರಣ, ಕಳ್ಳ ನಕಲು, ಅರ್ಧಂಬರ್ಧ ಇಳಿಸಿಕೊಂಡ ಹಾಳು ಪ್ರತಿ ಇವೂ ಸೇರಿಕೊಳ್ಳುತ್ತಿದ್ದವು. ಎಲ್ಲವೂ ಬೇರೆ ಬೇರೆ ಹೆಸರಿನ ಕಡತಗಳು. ಕ್ಯಾಸೆಟ್ ಕಾಲದ ‘9999’ ಈ ಬಾರಿ ಯಾರ ಮೋಸವೂ ಇಲ್ಲದೆ ತಾನಾಗಿಯೇ ಹುಟ್ಟಿಕೊಂಡಿತು.

ಇದನ್ನು ಬಿಡಿಸಲು ಹವ್ಯಾಸಿಗಳು ಕಡತಗಳಿಗೆ ‘ಬೆರಳಚ್ಚು’ ತೆಗೆಯುವ ಪದ್ಧತಿ ತಂದರು. ಕಡತದ ಎಲ್ಲ ಬೈಟ್‌ಗಳನ್ನು ಒಂದು ಗಣಿತ ಸೂತ್ರಕ್ಕೆ ಹಾಕಿದರೆ ಒಂದು ಪುಟ್ಟ ಸಂಖ್ಯೆ ಬರುತ್ತದೆ. ಒಂದು ಬೈಟ್ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಹೆಸರು ಏನೇ ಇರಲಿ, ಬೆರಳಚ್ಚು ಹೊಂದಿದರೆ ಕಡತ ಅದೇ ಎಂದು ತಿಳಿಯಬಹುದು. ‘ಟೋಸೆಕ್’, ‘ನೋ-ಇಂಟ್ರೋ’, ‘ರಿಡಂಪ್’ ಎಂಬ ಗುಂಪುಗಳು ಇಂಥ ಬೆರಳಚ್ಚುಗಳ ಸೂಚಿಗಳನ್ನು ವರ್ಷಗಟ್ಟಲೆ ಕೂತು ತಯಾರಿಸಿವೆ. ಯಾರಿಗೂ ಸಂಬಳವಿಲ್ಲದ ಕೆಲಸವಿದು.

ಮೇಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಟಗಳಿಗೆ ವಂಶವೃಕ್ಷವನ್ನೇ ಬರೆಯಿತು. ಮೂಲ ಆಟ ತಾಯಿ. ಅದರ ರೂಪಾಂತರಗಳು ಮಕ್ಕಳು. ಜಪಾನಿನಲ್ಲಿ 1980ರಲ್ಲಿ ‘ಪಕ್‌ಮ್ಯಾನ್’ ಎಂಬ ಹೆಸರಿನಲ್ಲಿ ಬಂದ ಆಟ ತಾಯಿಯಾದರೆ, ಜಗತ್ತಿಗೆಲ್ಲ ಪರಿಚಿತವಾದ ‘ಪ್ಯಾಕ್-ಮ್ಯಾನ್’ ಮೇಮ್‌ನ ಪಟ್ಟಿಯಲ್ಲಿ ಅದರ ಮಗು. ತಾಯಿಯಲ್ಲಿರುವ ಭಾಗವನ್ನು ಮಗುವಿನ ಕಡತದಲ್ಲಿ ಮತ್ತೆ ಇಡಬೇಕಾಗಿಲ್ಲ. ವ್ಯತ್ಯಾಸವನ್ನಷ್ಟೇ ಇಟ್ಟರೆ ಸಾಕು. ಜಾಗ ಉಳಿಯಿತು, ಸಂಬಂಧವೂ ತಿಳಿಯಿತು. ಮೋಡವನ್ನೇ ಪೊದೆ ಮಾಡಿದ ಮಾರಿಯೋ ಕಾಲದ ಬುದ್ಧಿಯೇ ಇಲ್ಲೂ ಕೆಲಸ ಮಾಡಿದೆ.

ಅಟ್ಟ ಮತ್ತು ಒಲೆಕಟ್ಟೆ

ಇಂಥ ಸಂಗ್ರಹಗಳಿಗೆ ಹೊಸ ಮನೆ ಸಿಕ್ಕಿದ್ದು 2012ರಲ್ಲಿ. ಆ ವರ್ಷದ ಫೆಬ್ರುವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್‌ನ ಒಂದು ಪ್ರತಿಷ್ಠಾನ ‘ರಾಸ್ಪ್‌ಬೆರಿ ಪೈ’ ಎಂಬ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಶಾಲಾ ಮಕ್ಕಳು ಪ್ರೋಗ್ರಾಂ ಬರೆಯಲು ಕಲಿಯಲಿ ಎಂಬುದು ಅದರ ಉದ್ದೇಶ. ಗಾತ್ರ ಕ್ರೆಡಿಟ್ ಕಾರ್ಡಿನಷ್ಟು, ಬೆಲೆ 35 ಡಾಲರ್, ಮೆಮೊರಿ 256 ಮೆಗಾಬೈಟ್. ಅದೇ ವರ್ಷ ಅಕ್ಟೋಬರಿನಲ್ಲಿ ಮೆಮೊರಿ 512 ಮೆಗಾಬೈಟ್‌ಗೆ ಏರಿತು. 2015ರಲ್ಲಿ ಬಂದ 5 ಡಾಲರಿನ ‘ಪೈ ಝೀರೋ’ದಲ್ಲೂ ಅಷ್ಟೇ ಮೆಮೊರಿ. ಪ್ರೋಗ್ರಾಂ ಕಲಿಯಲೆಂದು ಮಾಡಿದ ಈ ಯಂತ್ರವನ್ನು ಹಳೆಯ ಆಟಗಳ ಅಭಿಮಾನಿಗಳು ಎರಡೂ ಕೈಯಿಂದ ಬಾಚಿಕೊಂಡರು. ‘ರೆಟ್ರೋಪೈ’ ಎಂಬ ತಂತ್ರಾಂಶದ ಕಟ್ಟು 2012ರಲ್ಲೇ ಹುಟ್ಟಿತು. ಹತ್ತಾರು ಎಮ್ಯುಲೇಟರ್‌ಗಳು, ಅವುಗಳ ಮುಂದೆ ಆಟಗಳ ಪಟ್ಟಿಯನ್ನು ಚಂದವಾಗಿ ತೋರಿಸುವ ‘ಎಮ್ಯುಲೇಷನ್‌ಸ್ಟೇಷನ್’ ಎಂಬ ಮುಖಮಂಟಪ ಎಲ್ಲವೂ ಅದರಲ್ಲಿ ಸೇರಿದ್ದವು.

ಇಲ್ಲಿ ಎರಡು ಬಗೆಯ ಜಾಗಗಳ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಎಸ್.ಡಿ. ಕಾರ್ಡ್ ಎಂಬುದು ಮನೆಯ ಅಟ್ಟವಿದ್ದಂತೆ. ಎಷ್ಟು ಪಾತ್ರೆ ಪಗಡ ಬೇಕಾದರೂ ತುಂಬಬಹುದು. ಮೆಮೊರಿ ಎಂಬುದು ಒಲೆಯ ಪಕ್ಕದ ಕಟ್ಟೆ. ಅಡುಗೆ ನಡೆಯುವಾಗ ಬೇಕಾದ ಸಾಮಾನೆಲ್ಲ ಆ ಕಟ್ಟೆಯ ಮೇಲಿರಬೇಕು. ಅಟ್ಟ ಎಷ್ಟೇ ದೊಡ್ಡದಿದ್ದರೂ ಕಟ್ಟೆ ಹಿಗ್ಗುವುದಿಲ್ಲ. ಎಸ್.ಡಿ. ಕಾರ್ಡಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿದು ಅಟ್ಟ ದೊಡ್ಡದಾಗುತ್ತಲೇ ಹೋಯಿತು. ಪುಟ್ಟ ಯಂತ್ರದ ಕಟ್ಟೆ ಮಾತ್ರ ಇದ್ದಷ್ಟೇ ಇತ್ತು.

ಹಾಗಾದರೆ ಹಳೆಯ ಆಟಗಳು ಈ ಕಟ್ಟೆಗೆ ಭಾರವೇ? ಖಂಡಿತ ಅಲ್ಲ. ಅಮೆರಿಕದಲ್ಲಿ ಪರವಾನಗಿ ಪಡೆದು ಬಂದ ನಿಂಟೆಂಡೊ ಯಂತ್ರದ ಆಟಗಳು ಸುಮಾರು 700. ಅವುಗಳಲ್ಲಿ ಅತಿ ದೊಡ್ಡದಾದ ‘ಕರ್ಬೀಸ್ ಅಡ್ವೆಂಚರ್’ ಆಟದ ಗಾತ್ರ 768 ಕಿಲೋಬೈಟ್. ಎಲ್ಲ ಆಟಗಳೂ ಅಷ್ಟೇ ದೊಡ್ಡವಿದ್ದವೆಂದು ಇಟ್ಟುಕೊಂಡರೂ ಒಟ್ಟು 525 ಮೆಗಾಬೈಟ್, ಒಂದು ಸಿ.ಡಿ.ಯಲ್ಲಿ ಹಿಡಿಸುತ್ತದೆ. ಜೊತೆಗೆ, ಆಡುವಾಗ ಕಟ್ಟೆಗೆ ಬರುವುದು ಒಂದೇ ಆಟ.

ಒಂದು ಚಿತ್ರಕ್ಕೆ 30 ಮಾರಿಯೋ

ಭಾರವಾಗುವುದು ಪಟ್ಟಿ. ಆಟದ ಹೆಸರಿನ ಜೊತೆಗೆ ಅದು ಬಂದ ವರ್ಷ, ಮಾಡಿದ ಕಂಪನಿ, ನಾಲ್ಕು ಸಾಲಿನ ವಿವರಣೆ, ಪೆಟ್ಟಿಗೆಯ ಮೇಲಿನ ಚಿತ್ರ ಇವೆಲ್ಲ ಇದ್ದರೆ ಚಂದ. ಒಂದು ಆಟಕ್ಕೆ ಇಂಗ್ಲಿಷಿನಲ್ಲಿ ಒಂದು ಸಾವಿರ ಅಕ್ಷರಗಳ ವಿವರವೆಂದು ಹಿಡಿದರೂ ಹತ್ತು ಸಾವಿರ ಆಟಗಳಿಗೆ ಒಂದು ಕೋಟಿ ಅಕ್ಷರ. ಅಂದರೆ ಸುಮಾರು 10 ಮೆಗಾಬೈಟ್. ಯಂತ್ರ ಎದ್ದ ಕೂಡಲೇ ಇದನ್ನೆಲ್ಲ ಓದಿ, ಒಂದೊಂದು ಕಡತವೂ ಅಟ್ಟದಲ್ಲಿ ನಿಜವಾಗಿ ಇದೆಯೇ ಎಂದು ಹತ್ತಿ ನೋಡಿ ಬರಬೇಕು. ಆರಂಭದಲ್ಲಿ ನಿಮಿಷಗಟ್ಟಲೆ ಕಾಯಬೇಕಾಗುವುದು ಇದಕ್ಕೇ.

ಚಿತ್ರಗಳ ಲೆಕ್ಕ ಇದಕ್ಕಿಂತ ಸೋಜಿಗದ್ದು. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿಗಳ ಒಂದು ಸಾಧಾರಣ ಚಿತ್ರ ತೆಗೆದುಕೊಳ್ಳಿ. ಕಾರ್ಡಿನಲ್ಲಿ ಅದನ್ನು ಹಿಂಡಿ, ಮಡಿಸಿ ಇಟ್ಟಿರುವುದರಿಂದ ಜಾಗ ಕಡಿಮೆ ಸಾಕು. ಆದರೆ ಪರದೆಗೆ ತರುವ ಮೊದಲು ಮಡಿಕೆ ಬಿಚ್ಚಿ ಹರವಬೇಕು. ಚುಕ್ಕಿಯೊಂದಕ್ಕೆ 4 ಬೈಟ್‌ನಂತೆ ಒಟ್ಟು 12,28,800 ಬೈಟ್. ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಗಾತ್ರ 40,960 ಬೈಟ್. ಭಾಗಿಸಿ ನೋಡಿದರೆ ಸರಿಯಾಗಿ 30! ಅಂದರೆ ಆಟದ ಪೆಟ್ಟಿಗೆಯ ಒಂದೇ ಒಂದು ಚಿತ್ರ ತೋರಿಸಲು ಬೇಕಾಗುವ ಜಾಗದಲ್ಲಿ ಅಂಥ 30 ಆಟಗಳನ್ನೇ ಇಡಬಹುದು.

ಪಟ್ಟಿಯಲ್ಲಿ ಕೆಳಗಿಳಿಯುತ್ತಾ 200 ಚಿತ್ರಗಳನ್ನು ದಾಟಿದರೆ, ದಾಟಿದ್ದನ್ನೆಲ್ಲ ಯಂತ್ರ ಹಿಡಿದುಕೊಂಡೇ ಇದ್ದರೆ, ಸುಮಾರು 234 ಮೆಗಾಬೈಟ್ ಖರ್ಚಾಗುತ್ತದೆ. ಮೊದಲ ಪೈ ಯಂತ್ರದ ಇಡೀ ಮೆಮೊರಿಯೇ 256 ಮೆಗಾಬೈಟ್. ಅದರಲ್ಲೂ ಲೆಕ್ಕ ಮಾಡುವ ಭಾಗ ಮತ್ತು ಚಿತ್ರ ಬಿಡಿಸುವ ಭಾಗ ಎರಡೂ ಒಂದೇ ಮೆಮೊರಿಯನ್ನು ಪಾಲು ಮಾಡಿಕೊಳ್ಳಬೇಕು. ಚಿತ್ರದ ಪಾಲು ಮುಗಿದಾಗ ಹೊಸ ಚಿತ್ರ ಬರೆಯಲು ಜಾಗವಿಲ್ಲದೆ ಪರದೆ ಬೆಳ್ಳಗಾಗುತ್ತದೆ. ಬಳಕೆದಾರರು ‘ಸಾವಿನ ಬಿಳಿ ಪರದೆ’ ಎಂದು ಕರೆಯುವ ತೊಂದರೆ ಇದೇ.

ಹಳೆಯ ಉಪಾಯ, ಹೊಸ ಯಂತ್ರ

ಇದಕ್ಕೆ ಕಂಡುಕೊಂಡ ಪರಿಹಾರಗಳು ಹೊಸವೇನಲ್ಲ. ಬೇಕಾದುದನ್ನಷ್ಟೇ ಕಟ್ಟೆಯ ಮೇಲೆ ಇಟ್ಟುಕೊಂಡು, ಜಾಗ ಸಾಲದಾದಾಗ ಬೇಡದ್ದನ್ನು ಅಟ್ಟಕ್ಕೆ ಕಳಿಸುವ ವಿದ್ಯೆಯನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ‘ಅಟ್ಲಾಸ್’ ಕಂಪ್ಯೂಟರ್ 1962ರಲ್ಲೇ ಮಾಡಿ ತೋರಿಸಿತ್ತು. ಟಾಮ್ ಕಿಲ್‌ಬರ್ನ್ ಅವರ ತಂಡ ರೂಪಿಸಿದ ಆ ಯಂತ್ರ ತನ್ನ ಸಣ್ಣ ಮೆಮೊರಿ ಮತ್ತು ದೊಡ್ಡ ಡ್ರಮ್ ಎರಡನ್ನೂ ಸೇರಿಸಿ ಒಂದೇ ದೊಡ್ಡ ಉಗ್ರಾಣವೆಂಬಂತೆ ತೋರಿಸುತ್ತಿತ್ತು. ಯಾವುದನ್ನು ಹೊರಕ್ಕೆ ಕಳಿಸಬೇಕು ಎಂಬ ಪ್ರಶ್ನೆಗೆ ಮುಂದೆ ಬಳಕೆಗೆ ಬಂದ ಒಂದು ಉತ್ತರ ಬಹಳ ಸರಳ: ಎಲ್ಲಕ್ಕಿಂತ ಹೆಚ್ಚು ಹೊತ್ತಿನಿಂದ ಮುಟ್ಟದೆ ಇರುವುದನ್ನು ಮೊದಲು ಕಳಿಸು.

ಎಮ್ಯುಲೇಷನ್‌ಸ್ಟೇಷನ್ ಕೂಡ ಈ ಸೂತ್ರವನ್ನು ಅಳವಡಿಸಿಕೊಂಡಿತು. ಚಿತ್ರಗಳಿಗೆ ಇಷ್ಟೇ ಜಾಗ ಎಂದು ಮೊದಲೇ ಮಿತಿ ಹಾಕಬಹುದು. ಮಿತಿ ದಾಟಿದರೆ ಹಿಂದೆ ಉಳಿದ ಚಿತ್ರವನ್ನು ಅದು ಬಿಟ್ಟುಕೊಡುತ್ತದೆ. ಕಡತ ಇದೆಯೋ ಇಲ್ಲವೋ ಎಂದು ಒಂದೊಂದನ್ನೂ ಹುಡುಕದೆ, ಬರೆದಿಟ್ಟ ಪಟ್ಟಿಯನ್ನೇ ನಂಬಿ ನಡೆ ಎಂದು ಹೇಳುವ ಆಯ್ಕೆಯೂ ಇದೆ. ಇದರಿಂದ ಆರಂಭ ಚುರುಕಾಗುತ್ತದೆ.

ಉಳಿದದ್ದು ಬಳಕೆದಾರರ ಕೈಯಲ್ಲಿದೆ. ಚಿತ್ರದ ಅಗಲ, ಉದ್ದ ಎರಡನ್ನೂ ಅರ್ಧಕ್ಕಿಳಿಸಿದರೆ ಖರ್ಚು ಕಾಲು ಭಾಗಕ್ಕಿಳಿಯುತ್ತದೆ. ಸಣ್ಣ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸವೂ ಅಷ್ಟಾಗಿ ತಿಳಿಯದು. ಒಂದೇ ಉದ್ದ ಪಟ್ಟಿಯ ಬದಲು ಯಂತ್ರ, ವರ್ಷ, ಅಕ್ಷರಗಳಿಗೆ ತಕ್ಕಂತೆ ಕಡತಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡಬಹುದು. ಸಿ.ಡಿ. ಕಾಲದ ಆಟಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಒಂದೊಂದೂ 650 ಮೆಗಾಬೈಟ್‌ವರೆಗೆ ಇರಬಹುದಾದ ಈ ಡಿಸ್ಕುಗಳನ್ನು ಸಾಮಾನ್ಯ ರೀತಿಯಲ್ಲಿ ಗಂಟುಕಟ್ಟಿದರೆ ಆಡುವ ಮುನ್ನ ಇಡೀ ಗಂಟು ಬಿಚ್ಚಬೇಕು. ಅಷ್ಟು ದೊಡ್ಡ ಕಟ್ಟೆ ಎಲ್ಲಿದೆ? ಮೇಮ್ ತಂಡ ರೂಪಿಸಿದ ‘ಸಿ.ಎಚ್.ಡಿ.’ ಪದ್ಧತಿಯಲ್ಲಿ ಡಿಸ್ಕನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಹಿಂಡಿ ಇಡುತ್ತಾರೆ. ಆಟಕ್ಕೆ ಆ ಕ್ಷಣಕ್ಕೆ ಯಾವ ತುಂಡು ಬೇಕೋ ಅದಷ್ಟೇ ಬಿಚ್ಚಿಕೊಳ್ಳುತ್ತದೆ. ಕಾರ್ಟ್ರಿಜ್ ಕಾಲದ ‘ಪುಟ ಮಗುಚುವ’ ಉಪಾಯ ಮತ್ತೆ ಬಂದಂತಾಯಿತು.

ಎಲ್ಲಕ್ಕಿಂತ ದೊಡ್ಡ ಪರಿಹಾರ ಮಾತ್ರ ತಂತ್ರಜ್ಞಾನಕ್ಕೆ ಸೇರಿದ್ದಲ್ಲ. ಅದು ಆಯ್ಕೆ. ಒಂದು ಆಟಕ್ಕೆ ಒಂದೇ ಪ್ರತಿ ಎಂಬ ನಿಯಮ ಸಂಗ್ರಹಕಾರರಲ್ಲಿ ಈಗ ವ್ಯಾಪಕವಾಗಿದೆ. ತಾಯಿ-ಮಗುವಿನ ವಂಶವೃಕ್ಷ ಮೊದಲೇ ಸಿದ್ಧವಿರುವುದರಿಂದ, ಒಂದು ಸಂಸಾರದಿಂದ ಒಬ್ಬರನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ಪಟ್ಟಿಯಿಂದ ತೆಗೆಯುವ ಕೆಲಸವನ್ನು ಕಂಪ್ಯೂಟರೇ ಮಾಡಿಕೊಡುತ್ತದೆ. ಹೀಗೆ ಜರಡಿ ಹಿಡಿದಾಗ ಪಟ್ಟಿ ಗಣನೀಯವಾಗಿ ಕುಗ್ಗುತ್ತದೆ.

ಮೂವತ್ತೇ ಸಾಕೆಂದ ಕಂಪನಿ

ಆಟ ಮಾಡಿದವರೇ ತಮ್ಮ ಹಳೆಯ ಆಟಗಳನ್ನು ಮತ್ತೆ ಮಾರಲು ಹೊರಟಾಗ ಏನು ಮಾಡಿದರು ಎಂಬುದು ಕುತೂಹಲಕರ. ನಿಂಟೆಂಡೊ 2016ರ ನವೆಂಬರಿನಲ್ಲಿ ತನ್ನ ಹಳೆಯ ಯಂತ್ರದ ಪುಟ್ಟ ಮರುರೂಪವನ್ನು ತಂದಿತು. ಅದರ ಒಳಗಿದ್ದದ್ದು 256 ಮೆಗಾಬೈಟ್ ಮೆಮೊರಿಯ ಒಂದು ಸಣ್ಣ ಕಂಪ್ಯೂಟರ್ ಮತ್ತು ಎಮ್ಯುಲೇಟರ್. ಹವ್ಯಾಸಿಗಳ ಯಂತ್ರಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಕಂಪನಿ ಅದರಲ್ಲಿ ಇಟ್ಟದ್ದು 30 ಆಟ ಮಾತ್ರ. ಪಟ್ಟಿ ಚುರುಕಾಗಿತ್ತು, ಜನ ಮುಗಿಬಿದ್ದು ಕೊಂಡರು. ಕೆಲವೇ ವಾರಗಳಲ್ಲಿ ಹವ್ಯಾಸಿಗಳು ಅದರ ಬೀಗ ಬಿಚ್ಚಿ ನೂರಾರು ಆಟ ತುಂಬಿದರು. ಮೂವತ್ತಕ್ಕೆಂದು ಮಾಡಿದ ಪಟ್ಟಿ ನೂರಾರಕ್ಕೆ ತಡವರಿಸಿದಾಗ ಕೋಣೆಗಳಾಗಿ ವಿಂಗಡಿಸುವುದೇ ಅವರಿಗೂ ದಾರಿಯಾಯಿತು.

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಮೊದಲ ಬಾರಿಗೆ ವಿಡಿಯೋ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಆರಿಸಿದ್ದು 14 ಆಟಗಳನ್ನು. ‘ಪ್ಯಾಕ್-ಮ್ಯಾನ್’, ‘ಟೆಟ್ರಿಸ್’ ಆ ಪಟ್ಟಿಯಲ್ಲಿವೆ. ಆರಿಸುವುದು ಕಂಪನಿಗೂ ವಸ್ತುಸಂಗ್ರಹಾಲಯಕ್ಕೂ ಸಹಜ. ಆದರೆ ಎಲ್ಲರೂ ಒಳ್ಳೆಯದನ್ನಷ್ಟೇ ಆರಿಸಿಕೊಂಡರೆ ಉಳಿದ ಸಾವಿರಾರು ಆಟಗಳ ಗತಿ ಏನು?

ಉಳಿಸುವವರು ಯಾರು?

ಈ ಪ್ರಶ್ನೆ ಕೇವಲ ಹವ್ಯಾಸಿಗಳದ್ದಲ್ಲ. ಅಮೆರಿಕದ ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್’ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ 100ಕ್ಕೆ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದಿಲ್ಲ ಎಂದು ಅದು ತಿಳಿಸಿತು. ದುಡ್ಡು ಕೊಡುತ್ತೇನೆಂದರೂ ಮಾರುವವರಿಲ್ಲ. ಗ್ರಂಥಾಲಯಗಳು ತಮ್ಮಲ್ಲಿರುವ ಹಳೆಯ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಆಡಿ ನೋಡಲು ಅವಕಾಶ ಕೊಡಬೇಕೆಂಬ ಮನವಿಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಸಂಶೋಧನೆಯ ನೆಪದಲ್ಲಿ ಮನರಂಜನೆಗೆ ಬಳಕೆಯಾದರೆ ಮಾರುಕಟ್ಟೆಗೆ ಪೆಟ್ಟು ಬೀಳುತ್ತದೆ ಎಂಬುದು ವಿರೋಧಿಸಿದವರ ವಾದವಾಗಿತ್ತು.

ಕಂಪನಿಗಳ ಆತಂಕದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಹತ್ತು ಸಾವಿರ ಆಟ ತುಂಬಿದ ಪೆಟ್ಟಿಗೆಗಳನ್ನು ಯಾವ ಹಕ್ಕೂ ಇಲ್ಲದೆ ಮಾರಿ ಹಣ ಮಾಡುವವರಿದ್ದಾರೆ. ‘ಒಂದರಲ್ಲಿ 9999’ ಕ್ಯಾಸೆಟ್ಟಿನ ವ್ಯಾಪಾರ ಬೇರೆ ರೂಪದಲ್ಲಿ ಇಂದಿಗೂ ನಡೆದಿದೆ. ಆದರೆ ಕಂಪನಿಯೇ ಕೈಬಿಟ್ಟ ಆಟ, ಮುಚ್ಚಿಹೋದ ಕಂಪನಿಯ ಆಟ, ಹಕ್ಕು ಯಾರದ್ದೆಂದೇ ತಿಳಿಯದ ಆಟ ಇವುಗಳ ಪ್ರತಿ ಇಂದು ಎಲ್ಲಾದರೂ ಉಳಿದಿದ್ದರೆ, ಅದು ಬಹುಮಟ್ಟಿಗೆ ಖಾಸಗಿ ಸಂಗ್ರಹಗಳಲ್ಲಿ. ಕಾನೂನಿನ ಅನುಮತಿಯಿಲ್ಲದ ಕೆಲಸವೇ ಚರಿತ್ರೆಗೆ ಆಧಾರವಾಗಿ ನಿಂತಿರುವ ಇಕ್ಕಟ್ಟಿನ ಸ್ಥಿತಿ ಇದು.

ಇಂಥ ಹೊತ್ತಿನಲ್ಲಿ ಜರಡಿ ಹಿಡಿಯುವ ಕೆಲಸಕ್ಕೆ ಇನ್ನೊಂದು ಮಗ್ಗುಲಿದೆ. ಪುಟ್ಟ ಯಂತ್ರ ಚುರುಕಾಗಲೆಂದು ಪಟ್ಟಿಯಿಂದ ತೆಗೆದ ಜಪಾನಿ ರೂಪಾಂತರದಲ್ಲಿ ಮೂಲ ಕರ್ತೃವಿನ ಉದ್ದೇಶ ಉಳಿದಿರಬಹುದು. ಕಳ್ಳ ನಕಲಿನ ಕ್ಯಾಸೆಟ್ಟೇ ಭಾರತದ ಒಂದು ತಲೆಮಾರಿನ ಬಾಲ್ಯದ ದಾಖಲೆ. ಆಡಲು ಬಾರದ ಕೆಟ್ಟ ಆಟವೂ ಆ ಕಾಲದ ಮಾರುಕಟ್ಟೆ ಹೇಗಿತ್ತೆಂದು ಹೇಳುತ್ತದೆ. ಆದ್ದರಿಂದ ತಿಳಿದ ಸಂಗ್ರಹಕಾರರು ಎರಡು ಸಂಗ್ರಹ ಇಟ್ಟುಕೊಳ್ಳುತ್ತಾರೆ. ಬೆರಳಚ್ಚು ಹೊಂದಿಸಿ, ಸೂಚಿ ಬರೆದು, ಒಂದನ್ನೂ ಬಿಡದೆ ದೊಡ್ಡ ಡಿಸ್ಕಿನಲ್ಲಿ ಭದ್ರವಾಗಿಟ್ಟ ಪೂರ್ಣ ಸಂಗ್ರಹ ಒಂದು. ಅದರಿಂದ ಆರಿಸಿ ಪುಟ್ಟ ಯಂತ್ರಕ್ಕೆ ಹಾಕಿಕೊಂಡ ನೂರಿನ್ನೂರು ಆಟಗಳ ಆಡುವ ಸಂಗ್ರಹ ಇನ್ನೊಂದು.

ಹತ್ತು ಸಾವಿರ ಆಟಗಳನ್ನು ಒಂದು ಕಾರ್ಡಿಗೆ ಸುರಿಯಲು ಇಂದು ಒಂದು ಸಂಜೆ ಸಾಕು. ಅವುಗಳಲ್ಲಿ ಯಾವುದು ಯಾವುದರ ಮಗು, ಯಾವುದು ಪೂರ್ತಿ, ಯಾವುದು ಹಾಳು ಎಂದು ಗುರುತಿಸಲು ಹವ್ಯಾಸಿಗಳಿಗೆ ಕಾಲು ಶತಮಾನ ಹಿಡಿದಿದೆ. ಕೆಲಸ ಇನ್ನೂ ಮುಗಿದಿಲ್ಲ. ಮೊದಲನೆಯದರಿಂದ ಕಾರ್ಡ್ ತುಂಬುತ್ತದೆ, ಅಷ್ಟೇ. ಮುಂದೊಂದು ದಿನ ಈ ಆಟಗಳ ಚರಿತ್ರೆ ಬರೆಯುವವರು ಬಂದರೆ ಅವರು ಮೊದಲು ಕೇಳುವುದು ಎರಡನೆಯದನ್ನು. ಸಂಬಳವಿಲ್ಲದೆ, ಹೆಚ್ಚಿನವರು ಹೆಸರೂ ಇಲ್ಲದೆ ಮಾಡುತ್ತಿರುವ ಆ ಸೂಚಿಯ ಕೆಲಸಕ್ಕೆ ಗ್ರಂಥಾಲಯಗಳು ಮತ್ತು ಕಾನೂನು ಒಂದಿಷ್ಟು ಜಾಗ ಕೊಡುವುದು ಯಾವಾಗ ಎಂಬುದಷ್ಟೇ ಉಳಿದಿರುವ ಪ್ರಶ್ನೆ.